ಈಸ್ಟರ್ ನಂತರದ ಐವತ್ತು ದಿನ: ಹೊಸ ಬದುಕನ್ನು ಆರಂಭಿಸುವ ಬಗೆ

ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲವನ್ನು ಆಚರಿಸುವುದು ಹೇಗೆಂದು ನಮ್ಮ ಧರ್ಮಕೇಂದ್ರಗಳಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ವಿಭೂತಿ ಬುಧವಾರ ಹಣೆಗೆ ಬೂದಿ ಬಿದ್ದ ಕ್ಷಣದಿಂದ ಮಾಂಸ ಬಿಡುವವರು ಮಾಂಸ ಬಿಡುತ್ತಾರೆ, ಸಿಗರೇಟು ಬಿಡುವವರು ಸಿಗರೇಟು ಬಿಡುತ್ತಾರೆ, ಶುಕ್ರವಾರ ಬಂತೆಂದರೆ ಶಿಲುಬೆಹಾದಿಗೆ ಇಡೀ ಮನೆಯೇ ಹೊರಡುತ್ತದೆ, ಮಕ್ಕಳು ಸಹ ಕಾಣಿಕೆ ಡಬ್ಬಿಗೆ ಚಿಲ್ಲರೆ ಹಾಕುವುದನ್ನು ಮರೆಯುವುದಿಲ್ಲ. ಆದರೆ ಈಸ್ಟರ್ ಭಾನುವಾರದ ಮಧ್ಯಾಹ್ನ ಬಿರಿಯಾನಿ ಪಾತ್ರೆಯ ಮುಚ್ಚಳ ತೆರೆದೊಡನೆ ಈ ಶಿಸ್ತೆಲ್ಲ ಮುಗಿದುಹೋಗುತ್ತದೆ. ಶುಭ ಶುಕ್ರವಾರಕ್ಕೆ ಸರ್ಕಾರಿ ರಜೆ ಇದೆ, ಈಸ್ಟರ್ ಸೋಮವಾರಕ್ಕೆ ಇಲ್ಲ; ಆದ್ದರಿಂದ ಪುನರುತ್ಥಾನದ ಮರುದಿನ ಬೆಳಿಗ್ಗೆ ನಾವು ಅದೇ ಬಸ್ಸು ಹತ್ತಿ, ಅದೇ ಕಚೇರಿಗೆ ಹೋಗಿ, ಅದೇ ಸಹೋದ್ಯೋಗಿಯ ಮೇಲೆ ಅದೇ ಸಿಡಿಮಿಡಿಯನ್ನು ಮುಂದುವರಿಸುತ್ತೇವೆ.

ಧರ್ಮಸಭೆಯ ಪಂಚಾಂಗದ ಲೆಕ್ಕವೇ ಬೇರೆ. ಅದು ಸಿದ್ಧತೆಗೆ ನಲವತ್ತು ದಿನ ಕೊಟ್ಟು, ಹಬ್ಬಕ್ಕೆ ಐವತ್ತು ದಿನ ಕೊಡುತ್ತದೆ. ಈಸ್ಟರ್ ಭಾನುವಾರದಿಂದ, ಪವಿತ್ರಾತ್ಮರು ಶಿಷ್ಯರ ಮೇಲೆ ಇಳಿದುಬಂದುದನ್ನು ನೆನೆಯುವ ಪೆಂಟೆಕೋಸ್ಟ್ ಹಬ್ಬದವರೆಗಿನ ಈ ಐವತ್ತು ದಿನಗಳನ್ನು ಒಂದೇ ಹಬ್ಬದ ದಿನವೆಂಬಂತೆ ಆಚರಿಸಬೇಕೆಂಬುದು ಬಹಳ ಹಳೆಯ ಪದ್ಧತಿ. ನಲವತ್ತು ದಿನಗಳಿಗೆ ನಮ್ಮಲ್ಲಿ ಹತ್ತಾರು ಆಚರಣೆಗಳಿವೆ, ಐವತ್ತು ದಿನಗಳಿಗೆ ಹೆಚ್ಚುಕಡಿಮೆ ಒಂದೂ ಇಲ್ಲ. ಹೊಸ ಬದುಕು ಆರಂಭವಾಗಬೇಕಾದ ಜಾಗದಲ್ಲೇ ನಮ್ಮ ಕೈ ಬರಿದಾಗಿರುವುದು ವಿಚಿತ್ರವಲ್ಲವೇ? ಈ ಲೇಖನ ಆ ಐವತ್ತು ದಿನಗಳನ್ನು ಮನೆಯಲ್ಲಿ, ಕೆಲಸದಲ್ಲಿ, ದೇವಾಲಯದಲ್ಲಿ ಹೇಗೆ ಬಳಸಿಕೊಳ್ಳಬಹುದೆಂದು ಒಂದೊಂದೇ ಹೆಜ್ಜೆಯಾಗಿ ವಿವರಿಸುತ್ತದೆ. ನಾನು ಕಥೋಲಿಕ ಪದ್ಧತಿಯಲ್ಲಿ ಬೆಳೆದವನಾದ್ದರಿಂದ ಇಲ್ಲಿನ ಮಾತುಗಳು ಆ ಪದ್ಧತಿಯವು. ನಾವು ಜ್ಞಾನಸ್ನಾನ ಎನ್ನುವುದನ್ನು ದೀಕ್ಷಾಸ್ನಾನ ಎಂದೂ, ಶುಭಸಂದೇಶ ಎನ್ನುವುದನ್ನು ಸುವಾರ್ತೆ ಎಂದೂ ಕರೆಯುವ ಚರ್ಚ್ ಆಫ್ ಸೌತ್ ಇಂಡಿಯಾ (ಸಿ.ಎಸ್.ಐ.) ಮತ್ತಿತರ ಸಭೆಗಳ ಓದುಗರು ತಮ್ಮ ರೂಢಿಗೆ ತಕ್ಕಂತೆ ಹೊಂದಿಸಿಕೊಳ್ಳಬಹುದು. ವಿಷಯದಲ್ಲಿ ದೊಡ್ಡ ವ್ಯತ್ಯಾಸವೇನೂ ಬರುವುದಿಲ್ಲ.

ಮೊದಲ ಹೆಜ್ಜೆ: ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ

ಈಸ್ಟರ್ ಪ್ರತಿವರ್ಷ ಬೇರೆ ಬೇರೆ ದಿನಾಂಕಕ್ಕೆ ಬರುವುದರಿಂದ ಈ ಕೆಲಸವನ್ನು ವರ್ಷದ ಆರಂಭದಲ್ಲೇ ಮಾಡಿಕೊಳ್ಳುವುದು ಒಳ್ಳೆಯದು. ಮಾರ್ಚ್ 21ರಂದು ಅಥವಾ ಆನಂತರ ಬರುವ ಹುಣ್ಣಿಮೆಯ ಮುಂದಿನ ಭಾನುವಾರವೇ ಈಸ್ಟರ್. ಹೀಗಾಗಿ ಅದು ಮಾರ್ಚ್ 22ಕ್ಕಿಂತ ಮುಂಚೆಯಾಗಲಿ ಏಪ್ರಿಲ್ 25ರ ನಂತರವಾಗಲಿ ಬರುವುದಿಲ್ಲ. ಎಲ್ಲ ಸಭೆಗಳೂ ಒಂದೇ ಭಾನುವಾರ ಈ ಹಬ್ಬವನ್ನು ಆಚರಿಸಬೇಕೆಂದು 325ರ ನಿಸೆಯಾ ಮಹಾಸಭೆ ತೀರ್ಮಾನಿಸಿತ್ತಾದರೂ, ಪಂಚಾಂಗಗಳು ಬೇರೆಯಾದ ಕಾರಣ ಪೂರ್ವದ ಆರ್ಥಡಾಕ್ಸ್ ಸಭೆಗಳಲ್ಲಿ ಹಲವು ವರ್ಷ ದಿನಾಂಕ ಬೇರೆಯಾಗುತ್ತದೆ. ಯುಗಾದಿಯ ಅಮಾವಾಸ್ಯೆ ಕಳೆದು, ಚೈತ್ರದ ಹುಣ್ಣಿಮೆಯೂ ಆದ ಮೇಲಿನ ಭಾನುವಾರವೇ ಬಹುತೇಕ ವರ್ಷಗಳಲ್ಲಿ ಈಸ್ಟರ್ ಬರುತ್ತದೆ ಎಂದು ನೆನಪಿಟ್ಟುಕೊಂಡರೆ ಕನ್ನಡದ ಮನೆಗಳಿಗೆ ಸುಲಭ.

2026ರಲ್ಲಿ ಈಸ್ಟರ್ ಏಪ್ರಿಲ್ 5ಕ್ಕೆ, ಪೆಂಟೆಕೋಸ್ಟ್ ಮೇ 24ಕ್ಕೆ. 2027ರಲ್ಲಿ ಇವು ಮಾರ್ಚ್ 28 ಮತ್ತು ಮೇ 16. 2028ರಲ್ಲಿ ಏಪ್ರಿಲ್ 16 ಮತ್ತು ಜೂನ್ 4. ಕ್ಯಾಲೆಂಡರಿನಲ್ಲಿ ಈ ಎರಡು ದಿನಗಳಿಗೆ ಸುತ್ತುಹಾಕಿ, ನಡುವಿನ ಏಳು ವಾರಗಳನ್ನು ಬಣ್ಣದ ಪೆನ್ಸಿಲಿನಿಂದ ಗುರುತಿಸಿ, ಅಡುಗೆಮನೆಯಲ್ಲಿ ಎಲ್ಲರ ಕಣ್ಣಿಗೆ ಬೀಳುವ ಕಡೆ ತೂಗುಹಾಕಿ. ನಮ್ಮ ರಾಜ್ಯದಲ್ಲಿ ಈ ಏಳು ವಾರಗಳ ಬಹುಪಾಲು ಶಾಲೆಗಳ ಬೇಸಿಗೆ ರಜೆಯೊಳಗೇ ಬರುತ್ತದೆ. ಮಕ್ಕಳು ಮನೆಯಲ್ಲಿರುತ್ತಾರೆ, ಅಜ್ಜಿಮನೆಗೆ ಹೋಗುವುದು ಬರುವುದು ಇರುತ್ತದೆ, ಮದುವೆಗಳ ಸಾಲೂ ಇರುತ್ತದೆ. ಇದನ್ನು ಅಡಚಣೆ ಎಂದು ನೋಡಬೇಕಾಗಿಲ್ಲ. ತಪಸ್ಸುಕಾಲ ಪರೀಕ್ಷೆಗಳ ನಡುವೆ ಕಳೆದುಹೋಗುತ್ತದೆ ಎಂದು ಗೊಣಗುವ ತಂದೆತಾಯಿಯರಿಗೆ ಪಾಸ್ಖ ಕಾಲ, ಅಂದರೆ ಈಸ್ಟರ್‌ನ ಈ ಐವತ್ತು ದಿನ, ಬಿಡುವಾಗಿಯೇ ಸಿಗುತ್ತದೆ.

ಎರಡನೆಯ ಹೆಜ್ಜೆ: ಜಾಗರಣೆಯ ರಾತ್ರಿ, ಪ್ರಶ್ನೆಗಳನ್ನು ಮೊದಲೇ ಓದಿಕೊಂಡು ಹೋಗಿ

ಹೊಸ ಆರಂಭಕ್ಕೆ ಒಂದು ಗಳಿಗೆ ಬೇಕೆಂದಾದರೆ ಅದು ಪವಿತ್ರ ಶನಿವಾರದ ರಾತ್ರಿಯ ಪಾಸ್ಖ ಜಾಗರಣೆ. 20ನೇ ಶತಮಾನದ ನಡುವಿನವರೆಗೂ ಈ ವಿಧಿ ಶನಿವಾರ ಬೆಳಿಗ್ಗೆಯೇ, ಹಾಡಹಗಲಲ್ಲಿ, ಬೆರಳೆಣಿಕೆಯ ಜನರ ಮುಂದೆ ನಡೆದುಹೋಗುತ್ತಿತ್ತು. 1951ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ಅದನ್ನು ಮತ್ತೆ ರಾತ್ರಿಗೆ ತರಲು ಪ್ರಯೋಗವಾಗಿ ಅನುಮತಿ ನೀಡಿದರು. ನಾಲ್ಕು ವರ್ಷಗಳ ನಂತರ ಪವಿತ್ರ ವಾರದ ವಿಧಿಗಳನ್ನೆಲ್ಲ ಪರಿಷ್ಕರಿಸಿದಾಗ ಅದು ಎಲ್ಲೆಡೆ ಜಾರಿಗೆ ಬಂತು. ಕತ್ತಲೆಯಿಲ್ಲದೆ ಬೆಳಕಿನ ವಿಧಿಗೆ ಅರ್ಥವಿಲ್ಲ ಎಂಬುದು ಈಗ ನಮಗೆ ಸಹಜವಾಗಿ ಕಾಣುತ್ತದೆ, ಆದರೆ ಅದನ್ನು ಮರಳಿ ಪಡೆಯಲು ಶತಮಾನಗಳೇ ಹಿಡಿದವು.

ದೇವಾಲಯದ ಹೊರಗೆ ಹೊಸ ಬೆಂಕಿ ಹೊತ್ತಿಸಿ, ಪಾಸ್ಖ ಮೊಂಬತ್ತಿಯ ಮೇಲೆ ಶಿಲುಬೆಯನ್ನೂ, ಗ್ರೀಕ್ ಅಕ್ಷರಮಾಲೆಯ ಮೊದಲ ಮತ್ತು ಕೊನೆಯ ಅಕ್ಷರಗಳಾದ ಆಲ್ಫಾ, ಓಮೇಗಗಳನ್ನೂ, ಆ ವರ್ಷದ ನಾಲ್ಕು ಅಂಕಿಗಳನ್ನೂ ಗುರುಗಳು ಗೀರುತ್ತಾರೆ. ಐದು ಗಾಯಗಳ ನೆನಪಿಗೆ ಸಾಂಬ್ರಾಣಿಯ ಐದು ಕಾಳುಗಳನ್ನು ಚುಚ್ಚುತ್ತಾರೆ. ವರ್ಷದ ಅಂಕಿಗಳನ್ನು ಗಮನಿಸಿ. ಪುನರುತ್ಥಾನ ಯಾವುದೋ ಪುರಾತನ ಕಾಲಕ್ಕೆ ಸೇರಿದ ಸಂಗತಿಯೆಂದು ದೂರ ಇಡದೆ, ನಿಮ್ಮ ಸಾಲದ ಕಂತು, ನಿಮ್ಮ ತಾಯಿಯ ಮಂಡಿನೋವು, ನಿಮ್ಮ ಮಗಳ ಕಾಲೇಜು ಸೀಟು ಇವೆಲ್ಲ ಇರುವ ಇದೇ ವರ್ಷವನ್ನು ಅಲ್ಲಿ ಮೇಣದ ಮೇಲೆ ಕೊರೆಯುತ್ತಾರೆ.

ಆಮೇಲೆ ಹಳೆಯ ಒಡಂಬಡಿಕೆಯಿಂದ ಏಳು, ಹೊಸ ಒಡಂಬಡಿಕೆಯಿಂದ ಎರಡು, ಹೀಗೆ ಒಂಬತ್ತು ವಾಚನಗಳಿವೆ. ಸಮಯದ ಅಭಾವದಿಂದ ಹಳೆಯ ಒಡಂಬಡಿಕೆಯ ವಾಚನಗಳನ್ನು ಕಡಿಮೆ ಮಾಡಲು ಅವಕಾಶವಿದೆ; ಆದರೆ ಕೆಂಪು ಸಮುದ್ರವನ್ನು ದಾಟಿದ ವಿಮೋಚನಕಾಂಡ 14ನೇ ಅಧ್ಯಾಯವನ್ನು ಮಾತ್ರ ಯಾವ ಕಾರಣಕ್ಕೂ ಬಿಡುವಂತಿಲ್ಲ. ತೂಕಡಿಕೆ ಬರುವುದು ಈ ಹೊತ್ತಿನಲ್ಲೇ, ಅದನ್ನು ಒಪ್ಪಿಕೊಳ್ಳೋಣ. ಮಧ್ಯಾಹ್ನ ಒಂದು ಗಂಟೆ ಮಲಗಿ ಎದ್ದು ಹೋಗಿ. ಒಂಬತ್ತನ್ನೂ ಮನೆಯಲ್ಲಿ ಒಮ್ಮೆ ಓದಿಕೊಂಡು ಹೋದರೆ ಇನ್ನೂ ಒಳ್ಳೆಯದು.

ನಿಮ್ಮ ಕೆಲಸ ನಿಜವಾಗಿ ಶುರುವಾಗುವುದು ನೀರನ್ನು ಆಶೀರ್ವದಿಸಿದ ಮೇಲೆ. ಜ್ಞಾನಸ್ನಾನದ ಪ್ರತಿಜ್ಞೆಗಳನ್ನು ನವೀಕರಿಸಲು ಎಲ್ಲರೂ ಉರಿಯುವ ಬತ್ತಿ ಹಿಡಿದು ಎದ್ದು ನಿಂತಿರುವಾಗ ಗುರುಗಳು ಸೈತಾನನನ್ನೂ, ಅವನ ಕಾರ್ಯಗಳನ್ನೂ, ಅವನ ಪೊಳ್ಳು ಆಮಿಷಗಳನ್ನೂ ತ್ಯಜಿಸುವಿರಾ ಎಂದು ಕೇಳುತ್ತಾರೆ. ಬಳಿಕ ಪಿತ, ಸುತ, ಪವಿತ್ರಾತ್ಮರಲ್ಲಿ ವಿಶ್ವಾಸವಿಡುವಿರಾ ಎಂದು ಕೇಳುತ್ತಾರೆ. ಅರ್ಧ ನಿದ್ದೆಯಲ್ಲಿ, ಮೇಣ ಕೈಗೆ ಬೀಳದಂತೆ ನೋಡಿಕೊಳ್ಳುತ್ತ, ನಾವು ಒಕ್ಕೊರಲಿನಿಂದ ಹೌದೆಂದು ಹೇಳಿ ಮುಗಿಸುತ್ತೇವೆ. ಹೀಗಾಗದಿರಲು ಒಂದು ಉಪಾಯವಿದೆ. ಶನಿವಾರ ಹಗಲು ಒಂದು ನೋಟುಪುಸ್ತಕದಲ್ಲಿ ತ್ಯಜಿಸುವ ಮೂರು ಪ್ರಶ್ನೆಗಳನ್ನು ಬರೆದು, ಪ್ರತಿಯೊಂದರ ಕೆಳಗೂ ನಿಮ್ಮ ಬದುಕಿನ ಒಂದೊಂದು ಸಂಗತಿಯನ್ನು ಹೆಸರಿಟ್ಟು ಬರೆಯಿರಿ. ಬರಿಯ ‘ಕೋಪ’ ಎಂದು ಬರೆದರೆ ಉಪಯೋಗವಿಲ್ಲ. ‘ರಾತ್ರಿ ಊಟದ ಹೊತ್ತಿಗೆ ಮಗನ ಅಂಕಗಳ ಮಾತೆತ್ತಿ ಅವನನ್ನು ಅಳಿಸುವುದು’ ಎಂದು ಬರೆಯಬೇಕು. ‘ಅಪ್ರಾಮಾಣಿಕತೆ’ ಎನ್ನುವ ಬದಲು ‘ಮನೆಗೆಲಸದವಳ ರಜೆಯ ದಿನದ ಸಂಬಳ ಹಿಡಿಯುವುದು’ ಎಂದು ಬರೆಯಬೇಕು. ನಾಲ್ಕನೇ ಶತಮಾನದ ಜೆರುಸಲೇಮಿನಲ್ಲಿ ಜ್ಞಾನಸ್ನಾನ ಪಡೆಯುವವರು ಕತ್ತಲೆಯ ದಿಕ್ಕಾದ ಪಶ್ಚಿಮಕ್ಕೆ ಮುಖಮಾಡಿ, ಕೈ ಚಾಚಿ, ಸೈತಾನ ಎದುರಿಗೇ ನಿಂತಿದ್ದಾನೆಂಬಂತೆ ಅವನನ್ನು ನಿರಾಕರಿಸಿ, ಬಳಿಕ ಪೂರ್ವಕ್ಕೆ ತಿರುಗಿ ವಿಶ್ವಾಸವನ್ನು ಸಾರುತ್ತಿದ್ದರೆಂದು ಅಲ್ಲಿನ ಧರ್ಮಾಧ್ಯಕ್ಷ ಸಂತ ಸಿರಿಲರ ಹೆಸರಿನಲ್ಲಿ ಉಳಿದಿರುವ ಉಪದೇಶಗಳಿಂದ ತಿಳಿಯುತ್ತದೆ. ಅಷ್ಟು ಸ್ಪಷ್ಟವಾಗಿ ತಿರುಗಬೇಕಾದರೆ ಯಾವುದಕ್ಕೆ ಬೆನ್ನು ಮಾಡುತ್ತಿದ್ದೇವೆಂದು ಗೊತ್ತಿರಬೇಕು.

ರಾತ್ರಿ ಹೋಗಲಾಗದ ವೃದ್ಧರು, ಒಬ್ಬರೇ ಗುರುಗಳು ಮೂರು ನಾಲ್ಕು ಊರುಗಳನ್ನು ನೋಡಿಕೊಳ್ಳುವ ಕಡೆಯವರು ಭಾನುವಾರದ ಬಲಿಪೂಜೆಯಲ್ಲಿ ಇದೇ ಪ್ರತಿಜ್ಞೆಗಳನ್ನು ನವೀಕರಿಸಬಹುದು. ಕುವೈತಿನಂಥ ಕಡೆ ದುಡಿಯುವ ನಮ್ಮವರಿಗೆ ಪರಿಸ್ಥಿತಿ ತಿರುಗುಮುರುಗು. ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ ಇದ್ದು, ಭಾನುವಾರ ಕೆಲಸದ ದಿನವಾದ್ದರಿಂದ ಶನಿವಾರ ರಾತ್ರಿಯ ಜಾಗರಣೆಯೇ ಅವರ ಪಾಲಿನ ಈಸ್ಟರ್.

ಮೂರನೆಯ ಹೆಜ್ಜೆ: ನಿಮ್ಮ ಜ್ಞಾನಸ್ನಾನದ ದಿನಾಂಕ ಹುಡುಕಿ

ಹುಟ್ಟುಹಬ್ಬ ಎಲ್ಲರಿಗೂ ಗೊತ್ತು. ಜ್ಞಾನಸ್ನಾನದ ದಿನಾಂಕ ಕೇಳಿದರೆ ಧರ್ಮೋಪದೇಶ ತರಗತಿಯ ಮಕ್ಕಳಿರಲಿ, ಅವರನ್ನು ಕರೆತಂದ ದೊಡ್ಡವರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಆದರೆ ಈಸ್ಟರ್ ಹೊಸ ಆರಂಭ ಎಂದು ಹೇಳುವಾಗ ನಾವು ಹೇಳುತ್ತಿರುವುದು ಜ್ಞಾನಸ್ನಾನದ ಬಗ್ಗೆಯೇ. ರೋಮನರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಸಂತ ಪೌಲರು ನೀರಿನಲ್ಲಿ ಮುಳುಗುವುದನ್ನು ಕ್ರಿಸ್ತರೊಂದಿಗೆ ಸಮಾಧಿಯಾಗುವುದಕ್ಕೂ, ಮೇಲೇಳುವುದನ್ನು ಅವರೊಂದಿಗೆ ಹೊಸ ಬದುಕಿನಲ್ಲಿ ನಡೆಯುವುದಕ್ಕೂ ಹೋಲಿಸುತ್ತಾರೆ. ಜಾಗರಣೆಯ ರಾತ್ರಿ ಓದುವ ಪತ್ರಭಾಗ ಇದೇ. ಅಂದಮೇಲೆ ಈಸ್ಟರ್ ಹೊತ್ತಿನಲ್ಲಿ ನಮಗೆ ಯಾರೋ ಹೊಚ್ಚಹೊಸ ಬದುಕೊಂದನ್ನು ಕೊಡುವುದಿಲ್ಲ. ಎಂದೋ ಕೊಟ್ಟಿದ್ದನ್ನು, ನಾವು ಪೆಟ್ಟಿಗೆಯಲ್ಲಿಟ್ಟು ಮರೆತಿದ್ದನ್ನು, ಹೊರತೆಗೆಯಲು ಹೇಳುತ್ತಾರೆ.

ಮನೆಯಲ್ಲಿ ಪ್ರಮಾಣಪತ್ರ ಇದ್ದರೆ ದಿನಾಂಕ ಅದರಲ್ಲೇ ಇರುತ್ತದೆ. ಇಲ್ಲದಿದ್ದರೆ ನಿಮಗೆ ಜ್ಞಾನಸ್ನಾನ ಆದ ಧರ್ಮಕೇಂದ್ರದ ಕಚೇರಿಗೆ ನಿಮ್ಮ ಹೆಸರು, ತಂದೆತಾಯಿಯರ ಹೆಸರು, ಹುಟ್ಟಿದ ದಿನ ಇವನ್ನು ಬರೆದು ಕೇಳಿಕೊಳ್ಳಿ. ಅಲ್ಲಿನ ಜ್ಞಾನಸ್ನಾನದ ದಾಖಲೆ ಪುಸ್ತಕದಲ್ಲಿ ಅದು ಸಿಗುತ್ತದೆ, ದೃಢೀಕರಣ, ಮದುವೆಗಳ ವಿವರವೂ ಅದೇ ಸಾಲಿನ ಪಕ್ಕದಲ್ಲಿ ದಾಖಲಾಗಿರಬೇಕು. ಮನೆಯ ಎಲ್ಲರ ದಿನಾಂಕಗಳನ್ನೂ ಅಡುಗೆಮನೆಯ ಅದೇ ಕ್ಯಾಲೆಂಡರಿನಲ್ಲಿ ಬರೆದಿಡಿ. ನಿಮ್ಮನ್ನು ಎತ್ತಿಕೊಂಡು ನಿಂತಿದ್ದ ಜ್ಞಾನತಂದೆ, ಜ್ಞಾನತಾಯಿ ಬದುಕಿದ್ದರೆ ಈ ಐವತ್ತು ದಿನಗಳಲ್ಲಿ ಒಮ್ಮೆ ಹೋಗಿ ಮಾತನಾಡಿಸಿಕೊಂಡು ಬನ್ನಿ.

ಮಿಲಾನಿನ ಮಹಾದೇವಾಲಯದ ಕೆಳಗೆ ನಾಲ್ಕನೇ ಶತಮಾನದ ಎಂಟು ಮೂಲೆಗಳ ಜ್ಞಾನಸ್ನಾನದ ಕೊಳವೊಂದರ ಅವಶೇಷ ಇಂದಿಗೂ ಇದೆ. 387ರ ಏಪ್ರಿಲ್ 24ರ ರಾತ್ರಿ, ಪಾಸ್ಖ ಜಾಗರಣೆಯಲ್ಲಿ, ಅಲ್ಲಿನ ಧರ್ಮಾಧ್ಯಕ್ಷ ಸಂತ ಆಂಬ್ರೋಸರ ಕೈಯಿಂದ ಸಂತ ಆಗಸ್ಟೀನರು ಜ್ಞಾನಸ್ನಾನ ಪಡೆದದ್ದು ಆ ಊರಿನಲ್ಲಿ. ಅವರಿಗೆ ಆಗ ಮೂವತ್ತೆರಡು ವರ್ಷ. ಅವರ ಮಗ ಅದೆಯೊದಾತುಸ್ ಮತ್ತು ಗೆಳೆಯ ಅಲಿಪಿಯುಸ್ ಅದೇ ರಾತ್ರಿ ಅವರೊಂದಿಗೆ ನೀರಿಗಿಳಿದರು. ಎಂಟು ಮೂಲೆ ಯಾಕೆಂದರೆ, ಏಳು ದಿನಗಳ ವಾರ ಮುಗಿದ ಮೇಲೆ ಬರುವ ಎಂಟನೆಯ ದಿನ ಹೊಸ ಸೃಷ್ಟಿಯ ಮೊದಲ ದಿನವೆಂದು ಅಂದಿನವರು ಎಣಿಸುತ್ತಿದ್ದರು. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಆ ಮೂವರು ಒಟ್ಟಿಗಿದ್ದರೆಂಬ ವಿವರ. ಅಷ್ಟು ದೊಡ್ಡ ಜ್ಞಾನಿಯೂ ಹೊಸ ಬದುಕಿಗೆ ಒಬ್ಬರೇ ಹೋಗಲಿಲ್ಲ. ಹಾಗಾಗಿ ಈ ಐವತ್ತು ದಿನಗಳಿಗೆ ನೀವೂ ಒಬ್ಬರನ್ನು ಜೊತೆ ಮಾಡಿಕೊಳ್ಳಿ. ಗಂಡ ಅಥವಾ ಹೆಂಡತಿ, ಅಕ್ಕ, ಸಮೀಪದ ಸ್ನೇಹಿತ, ಯಾರಾದರೂ ಸರಿ. ವಾರಕ್ಕೊಮ್ಮೆ ಹತ್ತು ನಿಮಿಷ ಕುಳಿತು ಏನಾಯಿತೆಂದು ಒಬ್ಬರಿಗೊಬ್ಬರು ಹೇಳಿಕೊಂಡರೆ ಸಾಕು.

ನಾಲ್ಕನೆಯ ಹೆಜ್ಜೆ: ಮೊದಲ ಎಂಟು ದಿನ ಏನನ್ನೂ ಬದಲಿಸಬೇಡಿ

ಇದು ಓದುಗರಿಗೆ ವಿಚಿತ್ರವೆನಿಸಬಹುದು. ಆದರೆ ಹಳೆಯ ಸಭೆಯಲ್ಲಿ ಹೊಸದಾಗಿ ಜ್ಞಾನಸ್ನಾನ ಪಡೆದವರು ಮೊದಲ ಎಂಟು ದಿನ ಬಿಳಿಯ ಉಡುಪಿನಲ್ಲೇ ಇದ್ದು, ದಿನವೂ ದೇವಾಲಯಕ್ಕೆ ಬಂದು, ತಮಗೆ ಏನಾಗಿದೆ ಎಂಬುದರ ವಿವರಣೆಯನ್ನು ಕೇಳುತ್ತಿದ್ದರು. ಮೊದಲು ಅನುಭವ, ಆಮೇಲೆ ಅರ್ಥ. ಈ ಎಂಟು ದಿನಗಳನ್ನು ಇಂದಿಗೂ ಪ್ರತಿಯೊಂದೂ ಮಹೋತ್ಸವವೆಂಬಂತೆ ಪೂಜಾವಿಧಿಯಲ್ಲಿ ಆಚರಿಸಲಾಗುತ್ತದೆ. ಈ ವಾರ ಹೊಸ ಸಂಕಲ್ಪಗಳ ಪಟ್ಟಿ ಮಾಡದೆ, ದಿನಕ್ಕೊಂದು ಪುನರುತ್ಥಾನದ ಪ್ರಸಂಗವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ.

ಓದುವುದಕ್ಕೆ ಒಂದು ಕ್ರಮ ಹೀಗಿರಬಹುದು. ಸಮಾಧಿಯ ಕಲ್ಲನ್ನು ಯಾರು ಉರುಳಿಸಿಕೊಡುವರೆಂದು ಚಿಂತಿಸುತ್ತ ಹೋಗುವ ಹೆಂಗಸರು (ಮಾರ್ಕ 16). ಯೇಸುವನ್ನು ತೋಟಗಾರನೆಂದು ತಿಳಿದು ಅಳುವ, ಹೆಸರು ಹಿಡಿದು ಕರೆದಾಗ ಗುರುತಿಸುವ ಮಗ್ದಲದ ಮರಿಯಳು (ಯೊವಾನ್ನ 20). ಬೇಸರದಿಂದ ಜೆರುಸಲೇಮನ್ನು ಬಿಟ್ಟು ಎಮ್ಮಾವು ಹಳ್ಳಿಗೆ ಹೊರಟ ಇಬ್ಬರು ಶಿಷ್ಯರು (ಲೂಕ 24). ಗಾಯಗಳನ್ನು ಕಾಣದೆ ನಂಬೆನೆಂದಿದ್ದ, ಎಂಟನೆಯ ದಿನ ಬಾಗಿಲು ಮುಚ್ಚಿದ ಕೋಣೆಯಲ್ಲಿ ಯೇಸುವನ್ನು ಕಂಡ ಶಿಷ್ಯ ತೋಮ (ಯೊವಾನ್ನ 20). ಸಮುದ್ರದ ದಡದಲ್ಲಿ ಮೀನು ಸುಡುವ ಬೆಳಗಿನ ಜಾವ (ಯೊವಾನ್ನ 21). ಎಮ್ಮಾವಿನ ಪ್ರಸಂಗಕ್ಕೆ ಎರಡು ದಿನ ಕೊಡಿ. ಆ ಇಬ್ಬರು ಹನ್ನೊಂದು ಕಿಲೋಮೀಟರಿನಷ್ಟು ದಾರಿ ಯೇಸುವಿನೊಂದಿಗೇ ನಡೆದರೂ ಅವರನ್ನು ಗುರುತಿಸಲಿಲ್ಲ. ಊಟಕ್ಕೆ ಕುಳಿತು ರೊಟ್ಟಿ ಮುರಿದಾಗ ಗುರುತು ಹತ್ತಿತು. ಹತ್ತಿದ್ದೇ ತಡ, ಕತ್ತಲಾಗಿದ್ದರೂ ಬಂದ ದಾರಿಯನ್ನೇ ಹಿಡಿದು ವಾಪಸು ನಡೆದರು. ಹೊಸ ಬದುಕೆಂದರೆ ಹೊಸ ಊರಿಗೆ ಹೋಗುವುದಲ್ಲ, ಬಿಟ್ಟು ಬಂದ ಊರಿಗೆ ಹಿಂದಿರುಗುವುದು ಎಂಬ ಸೂಚನೆ ಇಲ್ಲಿದೆ, ಮುಂದಿನ ಹೆಜ್ಜೆಗಳಲ್ಲಿ ಅದು ಬೇಕಾಗುತ್ತದೆ.

ತಪಸ್ಸುಕಾಲದಲ್ಲಿ ಪಾಪನಿವೇದನೆ ಮಾಡಲಾಗದೆ ಉಳಿದವರು ಇನ್ನು ಮುಂದಿನ ವರ್ಷ ಎಂದು ಕೈಚೆಲ್ಲಬೇಕಾಗಿಲ್ಲ. ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ, ಪಾಸ್ಖ ಕಾಲದಲ್ಲಿ ಒಮ್ಮೆಯಾದರೂ ಪರಮ ಪ್ರಸಾದ ಎಂಬ ನಿಯಮ 1215ರ ನಾಲ್ಕನೇ ಲ್ಯಾಟರನ್ ಮಹಾಸಭೆಯಷ್ಟು ಹಳೆಯದು. ಪವಿತ್ರ ವಾರದ ಉದ್ದನೆಯ ಸಾಲಿಗಿಂತ ಈಸ್ಟರ್ ಮುಗಿದ ವಾರ ಗುರುಗಳೂ ಬಿಡುವಾಗಿ ಸಿಗುತ್ತಾರೆ.

ಐದನೆಯ ಹೆಜ್ಜೆ: ಹಳೆಯ ಹುಳಿಯನ್ನು ಹೊರಗೆ ಹಾಕಿ, ಒಂದನ್ನು ಮಾತ್ರ

ಎರಡನೆಯ ವಾರದಿಂದ ಕೆಲಸ ಶುರು. ಕೊರಿಂಥಿಯರಿಗೆ ಬರೆದ ಮೊದಲ ಪತ್ರದ 5ನೇ ಅಧ್ಯಾಯದಲ್ಲಿ ಪೌಲರು ಹಳೆಯ ಹುಳಿಹಿಟ್ಟನ್ನು ತೆಗೆದುಹಾಕಿ ಹೊಸ ಕಣಕವಾಗಿರಿ ಎಂಬ ಅರ್ಥದ ಮಾತು ಹೇಳುತ್ತಾರೆ. ಯೆಹೂದ್ಯರ ಮನೆಗಳಲ್ಲಿ ಪಾಸ್ಖ ಹಬ್ಬಕ್ಕೆ ಮುನ್ನ ಹುಳಿಯ ಚೂರೂ ಉಳಿಯದಂತೆ ಹುಡುಕಿ ತೆಗೆಯುವ ರೂಢಿ ಈ ಮಾತಿನ ಹಿಂದಿದೆ. ದೋಸೆ ಹಿಟ್ಟು ರುಬ್ಬುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂದಿನ ದಿನದ ಹಿಟ್ಟು ಪಾತ್ರೆಯ ಅಂಚಿಗೆ ಒಂದು ಚಮಚದಷ್ಟು ಅಂಟಿಕೊಂಡಿದ್ದರೂ ಹೊಸ ಹಿಟ್ಟೆಲ್ಲ ಬೇಗ ಹುಳಿಯುತ್ತದೆ.

ಜಾಗರಣೆಗೆ ಮುನ್ನ ಬರೆದ ನೋಟುಪುಸ್ತಕವನ್ನು ತೆರೆದು ಮೂರರಲ್ಲಿ ಒಂದನ್ನು ಆರಿಸಿಕೊಳ್ಳಿ. ಮೂರನ್ನೂ ಹಿಡಿದರೆ ಮೂರೂ ಕೈಜಾರುತ್ತವೆ. ಕೊಲೊಸ್ಸೆಯರಿಗೆ ಬರೆದ ಪತ್ರದ 3ನೇ ಅಧ್ಯಾಯ ಹಳೆಯ ಉಡುಪನ್ನು ಕಳಚುವ ಮಾತಿನ ಬೆನ್ನಿಗೇ ಹೊಸದನ್ನು ತೊಡುವ ಮಾತನ್ನೂ ಆಡುತ್ತದೆ. ಆದ್ದರಿಂದ ಬಿಡುವ ಒಂದರ ಜಾಗದಲ್ಲಿ ಮಾಡುವ ಒಂದನ್ನು ಇಡಬೇಕು. ರಾತ್ರಿ ಊಟಕ್ಕೆ ಅಂಕಗಳ ಮಾತು ಬೇಡವೆಂದಾದರೆ ಆ ಹತ್ತು ನಿಮಿಷ ಮಗ ಶಾಲೆಯಲ್ಲಿ ಏನು ಆಡಿದನೆಂದು ಕೇಳಿ. ಸಂಬಳ ಹಿಡಿಯುವುದನ್ನು ನಿಲ್ಲಿಸುವವರು ಹಿಡಿದಿದ್ದ ಹಣವನ್ನು ಲೆಕ್ಕ ಮಾಡಿ ಹಿಂದಕ್ಕೆ ಕೊಡಬೇಕಾಗುತ್ತದೆ. ಅದು ಕಷ್ಟ, ಆದರೆ ಪಶ್ಚಾತ್ತಾಪ ಕೈಗೆ ತಾಗುವುದು ಅಲ್ಲೇ.

ಕುಡಿತದ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಸಮುದಾಯದಲ್ಲಿ ಅದು ದೊಡ್ಡ ನೋವು, ಹಬ್ಬದ ಹೆಸರಿನಲ್ಲೇ ಅದು ಮರಳುವುದೂ ಉಂಟು. ನಲವತ್ತು ದಿನ ಬಿಟ್ಟವನು ಈಸ್ಟರ್ ಸಂಜೆ ಗ್ಲಾಸು ಹಿಡಿದರೆ ಆ ನಲವತ್ತು ದಿನಗಳು ಅವನಿಗೆ ಒಂದು ವಿಷಯವನ್ನಂತೂ ತೋರಿಸಿವೆ: ಅವನಿಂದ ಬಿಡಲು ಸಾಧ್ಯವಿದೆ. ಅಲ್ಲಿಂದಲೇ ಮುಂದುವರಿಸಿ. ಆದರೆ ವರ್ಷಗಳಿಂದ ಪ್ರತಿದಿನ ಹೆಚ್ಚು ಕುಡಿಯುತ್ತಿರುವವರು ಯಾರ ಸಲಹೆಯನ್ನೂ ಕೇಳದೆ ಒಮ್ಮೆಲೇ ನಿಲ್ಲಿಸಬಾರದು. ನಡುಕ, ಫಿಟ್ಸ್, ಭ್ರಮೆ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಮೊದಲು ವೈದ್ಯರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವೇ ಇದೆ. ಕುಡಿತ ಬಿಟ್ಟವರೇ ನಡೆಸುವ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳೂ ನಮ್ಮ ನಗರಗಳಲ್ಲಿವೆ, ಅಲ್ಲಿ ಶುಲ್ಕವಿಲ್ಲ, ಹೆಸರು ಹೇಳಬೇಕೆಂಬ ಒತ್ತಾಯವೂ ಇಲ್ಲ. ಮಾತ್ರೆ ನುಂಗುವುದರಿಂದ ವಿಶ್ವಾಸ ಕಡಿಮೆಯಾಗುತ್ತದೆ ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ.

ಆರನೆಯ ಹೆಜ್ಜೆ: ಕೆಂಡದ ಬಳಿಗೆ ಮರಳಿ

ಈ ಐವತ್ತು ದಿನಗಳಲ್ಲಿ ಒಂದೇ ಒಂದು ಕೆಲಸಕ್ಕೆ ಸಮಯವಿದೆ ಎನ್ನುವವರಿಗೆ ನಾನು ಸೂಚಿಸುವುದು ಇದನ್ನೇ. ಯೊವಾನ್ನನ ಶುಭಸಂದೇಶದಲ್ಲಿ ಇದ್ದಲಿನ ಬೆಂಕಿ ಎರಡು ಕಡೆ ಮಾತ್ರ ಬರುತ್ತದೆ. ಮೊದಲನೆಯದು 18ನೇ ಅಧ್ಯಾಯದಲ್ಲಿ, ಮಹಾಯಾಜಕನ ಅಂಗಳದಲ್ಲಿ. ಚಳಿ ಕಾಯಿಸಿಕೊಳ್ಳುತ್ತ ನಿಂತ ಪೇತ್ರ ಯೇಸು ಯಾರೋ ತನಗೆ ತಿಳಿಯದು ಎಂಬಂತೆ ಮೂರು ಸಲ ನಿರಾಕರಿಸುತ್ತಾನೆ. ಎರಡನೆಯದು 21ನೇ ಅಧ್ಯಾಯದಲ್ಲಿ. ರಾತ್ರಿಯಿಡೀ ಬಲೆ ಬೀಸಿ ದಣಿದ ಏಳು ಮಂದಿ ಶಿಷ್ಯರು ದಡಕ್ಕೆ ಬಂದಾಗ ಪುನರುತ್ಥಾನರಾದ ಯೇಸು ಕೆಂಡದ ಮೇಲೆ ಮೀನು ಸುಟ್ಟು, ರೊಟ್ಟಿ ಇಟ್ಟುಕೊಂಡು ಕಾಯುತ್ತಿರುತ್ತಾರೆ. ಆ ಕೆಂಡದ ವಾಸನೆ ಪೇತ್ರನಿಗೆ ಏನನ್ನು ನೆನಪಿಸಿರಬಹುದೆಂದು ಯೋಚಿಸಿ. ಯೇಸು ಅವನಿಗೆ ಮೊದಲು ಊಟ ಬಡಿಸುತ್ತಾರೆ. ಊಟ ಮುಗಿದ ಮೇಲೆಯೇ ಪ್ರಶ್ನೆ. ಆ ಪ್ರಶ್ನೆಯೂ ‘ಯಾಕೆ ಹಾಗೆ ಮಾಡಿದೆ’ ಎಂದಲ್ಲ, ನನ್ನನ್ನು ಪ್ರೀತಿಸುತ್ತೀಯಾ ಎಂದು. ಅದೂ ನಿರಾಕರಿಸಿದಷ್ಟೇ ಸಲ, ಮೂರು ಸಲ. ಪ್ರತಿ ಉತ್ತರಕ್ಕೂ ಒಂದು ಕೆಲಸ ಒಪ್ಪಿಸುತ್ತಾರೆ.

ಇದರಲ್ಲಿ ರಾಜಿ ಮಾಡಿಕೊಳ್ಳುವ ಪೂರ್ತಿ ವಿಧಾನವಿದೆ. ಆಸ್ತಿ ಪಾಲಿನಲ್ಲಿ ಮಾತು ಬಿಟ್ಟ ಅಣ್ಣ, ಮದುವೆಗೆ ಕರೆಯಲಿಲ್ಲವೆಂದು ಮುನಿಸಿಕೊಂಡ ಚಿಕ್ಕಮ್ಮ, ದೇವಾಲಯದ ಪಾಲನಾ ಸಮಿತಿಯ ಜಗಳದಲ್ಲಿ ದೂರವಾದ ಗೆಳೆಯ, ಇವರಲ್ಲಿ ಒಬ್ಬರನ್ನು ಆರಿಸಿಕೊಳ್ಳಿ. ಫೋನಿನಲ್ಲಿ ಸಂದೇಶ ಕಳಿಸಿ ಕ್ಷಮೆ ಕೇಳುವುದು ಸುಲಭ, ಆದರೆ ಅದನ್ನು ಓದುವವರ ದನಿಯಲ್ಲಿ ಅದು ವ್ಯಂಗ್ಯವಾಗಿಯೂ ಕೇಳಬಹುದು. ನೀವೇ ಹೋಗಿ, ಅಥವಾ ಮನೆಗೆ ಕರೆಯಿರಿ. ಮೊದಲು ಊಟವೋ ಕಾಫಿಯೋ ಆಗಲಿ. ಹಳೆಯ ಲೆಕ್ಕದ ಕಾಗದಗಳನ್ನು ಆ ದಿನ ಹೊರತೆಗೆಯಬೇಡಿ. ಗಡಿಕಲ್ಲು ಎಲ್ಲಿತ್ತು, ಸಾಕ್ಷಿ ಯಾರಿದ್ದರು ಎಂಬ ಚರ್ಚೆಗೆ ಇನ್ನೊಂದು ದಿನವಿದೆ. ನಿಮ್ಮ ಕಡೆಯ ತಪ್ಪನ್ನು ‘ಆದರೆ’ ಸೇರಿಸದೆ ಒಂದು ವಾಕ್ಯದಲ್ಲಿ ಹೇಳಿ ನಿಲ್ಲಿಸಿ. ಅವರು ಉತ್ತರಿಸದಿದ್ದರೆ ಒತ್ತಾಯಿಸಬೇಡಿ. ಕೊನೆಯಲ್ಲಿ ಇಬ್ಬರೂ ಸೇರಿ ಮಾಡಬಹುದಾದ ಚಿಕ್ಕ ಕೆಲಸವೊಂದನ್ನು ಸೂಚಿಸಿ: ಅಪ್ಪನ ಸಮಾಧಿಗೆ ಸುಣ್ಣ ಬಳಿಸುವುದೋ, ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವ ಸರದಿಯೋ. ಮಾತಿಗಿಂತ ಈ ಕೆಲಸವೇ ಹೆಚ್ಚು ದಿನ ಬಾಳುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಹೊಡೆಯುವ ಗಂಡನ ಮನೆಗೆ, ದೌರ್ಜನ್ಯ ಮಾಡಿದವನ ಸನಿಹಕ್ಕೆ ಕ್ಷಮೆಯ ಹೆಸರಿನಲ್ಲಿ ಯಾರನ್ನೂ ಹಿಂದಕ್ಕೆ ಕಳಿಸಬಾರದು. ಕ್ಷಮಿಸುವುದು ಬೇರೆ, ಅಪಾಯದೊಳಕ್ಕೆ ಮರಳುವುದು ಬೇರೆ. ಪುನರುತ್ಥಾನರಾದ ಕ್ರಿಸ್ತರ ದೇಹದಲ್ಲಿ ಮೊಳೆಯ ಗಾಯಗಳು ಹಾಗೇ ಇದ್ದವು, ತೋಮನಿಗೆ ಅವರು ತೋರಿಸಿದ್ದು ಅವನ್ನೇ. ಗಾಯವೇ ಆಗಿಲ್ಲವೆಂದು ನಟಿಸುವಂತೆ ಈಸ್ಟರ್ ಯಾರನ್ನೂ ಕೇಳುವುದಿಲ್ಲ.

ಏಳನೆಯ ಹೆಜ್ಜೆ: ನಿಂತು ಪ್ರಾರ್ಥಿಸಿ

ಇದು ಚಿಕ್ಕದು, ಮಕ್ಕಳಿಗೂ ಇಷ್ಟವಾಗುತ್ತದೆ. ಭಾನುವಾರಗಳಲ್ಲಿ ಮತ್ತು ಪೆಂಟೆಕೋಸ್ಟ್ ವರೆಗಿನ ದಿನಗಳಲ್ಲಿ ಮೊಣಕಾಲೂರದೆ ನಿಂತು ಪ್ರಾರ್ಥಿಸಬೇಕೆಂದು ನಿಸೆಯಾ ಮಹಾಸಭೆಯ 20ನೇ ನಿಯಮ ಹೇಳುತ್ತದೆ. ನಿಲ್ಲುವುದು ಎದ್ದವರ ಭಂಗಿ. ದೇವಾಲಯದಲ್ಲಿ ಈಗಿನ ಕ್ರಮವನ್ನೇ ಅನುಸರಿಸಿ, ಆದರೆ ಮನೆಯ ಸಂಜೆಯ ಪ್ರಾರ್ಥನೆಯನ್ನು ಈ ಐವತ್ತು ದಿನ ಎದ್ದು ನಿಂತು ಮಾಡಿ. ದಿನಕ್ಕೆ ಮೂರು ಹೊತ್ತು ಹೇಳುವ ತ್ರಿಕಾಲ ಪ್ರಾರ್ಥನೆಯ ಬದಲು ಪಾಸ್ಖ ಕಾಲದಲ್ಲಿ ಮರಿಯ ಮಾತೆಗೆ ಸಲ್ಲಿಸುವ ಸ್ವರ್ಗದ ರಾಣಿಯ ಪ್ರಾರ್ಥನೆಯನ್ನು ಹೇಳುವ ಕ್ರಮವಿದೆ. ತಪಸ್ಸುಕಾಲವಿಡೀ ಬಾಯಿಗೆ ಬಾರದಿದ್ದ ‘ಅಲ್ಲೆಲೂಯ’ ಅದರಲ್ಲಿ ಸಾಲುಸಾಲಿಗೂ ಬರುತ್ತದೆ. ಶಿಲುಬೆಹಾದಿಯನ್ನು ಕಳೆದುಕೊಂಡೆವೆಂದು ಅನಿಸುವವರು ಶುಕ್ರವಾರಗಳಲ್ಲಿ ‘ಬೆಳಕಿನ ಹಾದಿ’ಯನ್ನು ಮಾಡಬಹುದು. ಖಾಲಿ ಸಮಾಧಿಯಿಂದ ಪೆಂಟೆಕೋಸ್ಟ್ ವರೆಗೆ ಅದರಲ್ಲೂ ಹದಿನಾಲ್ಕು ಸ್ಥಳಗಳಿವೆ. ಗೋಡೆಯ ಮೇಲೆ ಚಿತ್ರಗಳಿಲ್ಲದಿದ್ದರೂ ಬೈಬಲ್ ಹಿಡಿದು ಅಂಗಳದಲ್ಲೇ ನಡೆಯಬಹುದು.

ದಿನದ ಓದಿಗೆ ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳು ಎಂಬ ಗ್ರಂಥವನ್ನು ಇಟ್ಟುಕೊಳ್ಳಿ. ಪಾಸ್ಖ ಕಾಲದ ಬಲಿಪೂಜೆಗಳಲ್ಲಿ ಮೊದಲ ವಾಚನ ಬರುವುದು ಅದರಿಂದಲೇ. ಒಟ್ಟು 28 ಅಧ್ಯಾಯಗಳು. ಎರಡು ದಿನಕ್ಕೊಂದರಂತೆ ಓದಿದರೆ ಆರು ದಿನಗಳಷ್ಟು ಸಾಲದು, ಆದ್ದರಿಂದ ವಾರಕ್ಕೆ ನಾಲ್ಕು ಅಧ್ಯಾಯಗಳ ಲೆಕ್ಕ ಇಟ್ಟುಕೊಂಡರೆ ಏಳು ವಾರಕ್ಕೆ ಸರಿಯಾಗಿ ಮುಗಿಯುತ್ತದೆ.

ಎಂಟನೆಯ ಹೆಜ್ಜೆ: ಎಡವಿದಾಗ, ಮತ್ತು ಸಂತೋಷ ಬಾರದಿದ್ದಾಗ

ಮೂರನೆಯ ವಾರದ ಹೊತ್ತಿಗೆ ನೀವು ಎಡವುತ್ತೀರಿ. ಬಹುತೇಕ ಎಲ್ಲರೂ ಎಡವುತ್ತಾರೆ, ನನ್ನ ನೋಟುಪುಸ್ತಕದಲ್ಲೂ ಒಂದೇ ಸಾಲು ನಾಲ್ಕು ವರ್ಷ ಮರುಕಳಿಸಿದೆ. ಆ ದಿನ ರಾತ್ರಿ ದಿನಾಂಕ ಬರೆದು, ಏನಾಯಿತೆಂದು ಒಂದು ಸಾಲು ಬರೆದು, ಜೊತೆಗಾರರಿಗೆ ಹೇಳಿ, ಮರುದಿನ ಮುಂದುವರಿಸಿ. ಮುಂದಿನ ಸೋಮವಾರದಿಂದ ಹೊಸದಾಗಿ ಶುರುಮಾಡುತ್ತೇನೆ ಎಂಬ ಯೋಚನೆ ಮಾತ್ರ ಬೇಡ.

ಈ ವರ್ಷ ಮನೆಯಲ್ಲಿ ಸಾವಾಗಿದ್ದರೆ ಹಬ್ಬದ ಸಂತೋಷವನ್ನು ಬಲವಂತವಾಗಿ ತಂದುಕೊಳ್ಳಬೇಕಾಗಿಲ್ಲ. ಸ್ಮಶಾನವೇ ಈಸ್ಟರ್‌ನ ಮೊದಲ ಸ್ಥಳ. 1732ರಲ್ಲಿ ಜರ್ಮನಿಯ ಹೆರ್ನ್‌ಹುಟ್ ಊರಿನ ಮೊರಾವಿಯನ್ ಸಭೆಯ ಯುವಕರು ಈಸ್ಟರ್ ದಿನ ಸೂರ್ಯ ಮೂಡುವ ಮುನ್ನ ಗುಡ್ಡದ ಮೇಲಿನ ಸ್ಮಶಾನಕ್ಕೆ ಹೋಗಿ ಹಾಡಿದರು. ಮುಂಜಾವಿನ ಆರಾಧನೆಯ ಪದ್ಧತಿ ಹರಡಿದ್ದು ಅಲ್ಲಿಂದ. ನಿಮ್ಮ ಸಭೆಯಲ್ಲಿ ಆ ರೂಢಿ ಇಲ್ಲದಿದ್ದರೂ ಐವತ್ತು ದಿನಗಳೊಳಗೆ ಒಂದು ಬೆಳಿಗ್ಗೆ, ಬಿಸಿಲೇರುವ ಮೊದಲು, ಹೂವು ಮತ್ತು ಬತ್ತಿಯೊಂದಿಗೆ ಸಮಾಧಿಯ ಬಳಿ ಹೋಗಿ ಯೊವಾನ್ನ 20ನೇ ಅಧ್ಯಾಯವನ್ನು ಓದಿ. ಮರಿಯಳು ಮೊದಲು ಅತ್ತಳು. ಅಳುತ್ತಿದ್ದವಳ ಹೆಸರನ್ನೇ ಯೇಸು ಕರೆದದ್ದು.

ಕೊನೆಯ ಹೆಜ್ಜೆ: ಐವತ್ತನೆಯ ದಿನ

ಪೆಂಟೆಕೋಸ್ಟ್ ಭಾನುವಾರ ಸಂಜೆ ಜೊತೆಗಾರರೊಂದಿಗೆ ನೋಟುಪುಸ್ತಕ ತೆರೆದು ಕುಳಿತುಕೊಳ್ಳಿ. ಬಿಡಬೇಕೆಂದದ್ದು ಎಷ್ಟು ಬಿಟ್ಟಿತು, ಮಾಡಬೇಕೆಂದದ್ದು ಎಷ್ಟು ಅಭ್ಯಾಸವಾಯಿತು ಎಂದು ನೋಡಿ, ಉಳಿಸಿಕೊಳ್ಳಬೇಕಾದ ಒಂದನ್ನು ಮಾತ್ರ ಮುಂದಿನ ತಿಂಗಳುಗಳಿಗೆ ಬರೆದಿಡಿ. ನೋಟುಪುಸ್ತಕವನ್ನು ಎಸೆಯಬೇಡಿ, ಮುಂದಿನ ವರ್ಷದ ಪವಿತ್ರ ಶನಿವಾರ ಅದೇ ಪುಸ್ತಕದ ಮುಂದಿನ ಹಾಳೆಯಲ್ಲಿ ಬರೆಯಬೇಕು.

ಆ ದಿನದ ನಂತರ ದೇವಾಲಯದಲ್ಲಿ ಪಾಸ್ಖ ಮೊಂಬತ್ತಿಯನ್ನು ಬಲಿಪೀಠದ ಬಳಿಯಿಂದ ಜ್ಞಾನಸ್ನಾನದ ತೊಟ್ಟಿಯ ಬಳಿಗೆ ಒಯ್ಯುತ್ತಾರೆ. ವರ್ಷವಿಡೀ ಹುಟ್ಟಿದ ಮಕ್ಕಳ ಜ್ಞಾನಸ್ನಾನದ ಬತ್ತಿಯನ್ನು ಹೊತ್ತಿಸುವುದು ಅದರಿಂದಲೇ. ಊರಿನ ಯಾರಾದರೂ ತೀರಿಕೊಂಡಾಗ ಶವಪೆಟ್ಟಿಗೆಯ ಬಳಿ ನಿಲ್ಲಿಸುವುದೂ ಅದನ್ನೇ. ಜಾಗರಣೆಯ ರಾತ್ರಿ ನೀವು ಕೈಯಲ್ಲಿ ಹಿಡಿದಿದ್ದ ಚಿಕ್ಕ ಬತ್ತಿಯ ತುಂಡು ಮನೆಯಲ್ಲಿ ಎಲ್ಲೋ ಉಳಿದಿರುತ್ತದೆ, ಅದನ್ನು ಕ್ಯಾಲೆಂಡರಿನ ಪಕ್ಕದ ಗೂಡಿನಲ್ಲಿಡಿ. ಮನೆಯ ಯಾರದಾದರೂ ಜ್ಞಾನಸ್ನಾನದ ದಿನ ಬಂದಾಗ ಊಟಕ್ಕೆ ಮುಂಚೆ ಅದನ್ನು ಹೊತ್ತಿಸಬಹುದು.